ಹೊಲದೊಳಗಿನ ಮನುಷ್ಯ: ಸಾಫ್ಟ್ ಪಾಸ್ಟೆಲ್‌ನಲ್ಲಿ ಹಳ್ಳಿಯ ಚಿತ್ರ

ಹಳ್ಳಿಯ ದೃಶ್ಯ ಬರೆಯಲು ಕೂತವರು ಸಾಮಾನ್ಯವಾಗಿ ಗುಡ್ಡ, ಮರ, ಗದ್ದೆ ಎಲ್ಲ ಮುಗಿಸಿ, ಕೊನೆಗೆ ಖಾಲಿ ಉಳಿದ ಕಡೆ ಒಬ್ಬ ರೈತನನ್ನು ನಿಲ್ಲಿಸುತ್ತಾರೆ. ಅವನು ಆ ನೆಲದವನಾಗಿ ಕಾಣುವುದೇ ಇಲ್ಲ. ಮನುಷ್ಯ ಮತ್ತು ನೆಲ ಕಾಗದದ ಮೇಲೆ ಒಟ್ಟಿಗೇ ಮೂಡಬೇಕು. ಇದನ್ನು ಕಲಿಯಲು ಫ್ರಾನ್ಸಿನ ಚಿತ್ರಕಾರ ಝಾನ್ ಫ್ರಾನ್ಸ್ವಾ ಮಿಲೆಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಮಿಲೆ ತೋರಿದ ದಾರಿ

1814ರಲ್ಲಿ ನಾರ್ಮಂಡಿಯ ರೈತ ಕುಟುಂಬದಲ್ಲಿ ಹುಟ್ಟಿದ ಮಿಲೆ ಹೊಲದ ಕೆಲಸ ಮಾಡಿಯೇ ಬೆಳೆದವನು. 1849ರಲ್ಲಿ ಬಾರ್ಬಿಜೋನ್ ಹಳ್ಳಿಗೆ ಬಂದು ನೆಲೆಸಿದ. 1860ರ ದಶಕದ ನಡುವಿನಲ್ಲಿ ಎಮಿಲ್ ಗಾವೆ ಎಂಬ ವಾಸ್ತುಶಿಲ್ಪಿ ಅವನಿಂದ ಸಾಲುಸಾಲಾಗಿ ಪಾಸ್ಟೆಲ್ ಚಿತ್ರಗಳನ್ನು ಬರೆಸಿದ. ಆ ಸಂಗ್ರಹ 1875ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಿಗೆ ಬಂದಾಗ ನೋಡಿ ಮೈಮರೆತವರಲ್ಲಿ ಯುವಕ ವಿನ್ಸೆಂಟ್ ವ್ಯಾನ್ ಗೋ ಒಬ್ಬ.

ಮಿಲೆ ಮೊದಲು ಕಪ್ಪು ಕ್ರೇಯಾನ್‌ನಲ್ಲಿ ಹೊಲವನ್ನೂ ಆಳನ್ನೂ ಗಟ್ಟಿಯಾಗಿ ರೇಖಿಸುತ್ತಿದ್ದ. ಅದರ ಮೇಲೆ ಬಣ್ಣದ ಗೀರುಗಳನ್ನು ಬಿಡಿಬಿಡಿಯಾಗಿ ಎಳೆಯುತ್ತಿದ್ದ. ಬಣ್ಣದ ಕಾಗದ ಆ ಗೀರುಗಳ ಸಂದಿಯಲ್ಲಿ ಇಣುಕುತ್ತಿತ್ತು. ಮಣ್ಣಿನಲ್ಲೂ ಅಂಗಿಯಲ್ಲೂ ಅದೇ ಕಾಗದ ಕಾಣುವುದರಿಂದ ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದವು.

ಕಡ್ಡಿ ಮತ್ತು ಕಾಗದ

ಶಾಲಾಮಕ್ಕಳ ಆಯಿಲ್ ಪಾಸ್ಟೆಲ್‌ನಲ್ಲಿ ಎಣ್ಣೆ, ಮೇಣ ಇರುತ್ತವೆ. ಸಾಫ್ಟ್ ಪಾಸ್ಟೆಲ್ ಬೇರೆಯೇ. ಬಣ್ಣದ ಪುಡಿ, ಸೀಮೆಸುಣ್ಣದಂಥ ಬಿಳಿ ಪುಡಿ, ಕಡ್ಡಿ ಉದುರದಂತೆ ಹಿಡಿಯುವಷ್ಟು ಅಂಟು, ಇಷ್ಟೇ ಅದರಲ್ಲಿರುವುದು. ಅಂಟು ಕಡಿಮೆಯಾದ್ದರಿಂದ ಪುಡಿಯನ್ನು ಕಾಗದವೇ ಹಿಡಿದುಕೊಳ್ಳಬೇಕು. ನುಣುಪು ಡ್ರಾಯಿಂಗ್ ಶೀಟಿನಲ್ಲಿ ಎರಡು ಪದರ ಹಾಕುವಷ್ಟರಲ್ಲಿ ಬಣ್ಣ ಜಾರತೊಡಗುತ್ತದೆ. ಆದ್ದರಿಂದ ತರಿಯಿರುವ, ಬೂದು ಅಥವಾ ಮಣ್ಣುಬಣ್ಣದ ಕಾಗದ ಆರಿಸಿ. ಮೊದಲು ಗಾಢ ಬಣ್ಣ, ಆಮೇಲೆ ತಿಳಿ ಬಣ್ಣ. ಅತಿ ಬೆಳಕಿನ ಗೀರು ಕೊನೆಗೆ. ಬೆರಳಿನಿಂದ ಉಜ್ಜುವುದನ್ನು ಆಕಾಶಕ್ಕೂ ದೂರದ ಗುಡ್ಡಕ್ಕೂ ಮೀಸಲಿಡಿ. ಎಲ್ಲ ಕಡೆ ಉಜ್ಜಿದರೆ ಬಣ್ಣ ಮಂಕಾಗುತ್ತದೆ.

ಆಳು ಎಷ್ಟು ಎತ್ತರ?

ಹೆಚ್ಚಿನವರು ತಪ್ಪುವುದು ಇಲ್ಲೇ. ಸಮತಟ್ಟಾದ ಬಯಲಲ್ಲಿ ನೀವು ನಿಂತು ನೋಡುತ್ತಿದ್ದರೆ ದಿಗಂತ ನಿಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ. ನಿಮ್ಮಷ್ಟೇ ಎತ್ತರದವರು ಹತ್ತು ಹೆಜ್ಜೆ ದೂರವಿರಲಿ, ಇನ್ನೂರು ಹೆಜ್ಜೆ ದೂರವಿರಲಿ, ನಿಂತಿದ್ದರೆ ಅವರ ಕಣ್ಣೂ ದಿಗಂತದ ಗೆರೆಯ ಮೇಲೇ ಬರುತ್ತದೆ. ದೂರ ಹೋದಷ್ಟೂ ಪಾದ ಮೇಲಕ್ಕೇರಿ ಆಕೃತಿ ಚಿಕ್ಕದಾಗುತ್ತದೆ, ತಲೆ ಮಾತ್ರ ಅಲ್ಲೇ ಇರುತ್ತದೆ. ನೀವು ನೆಲದ ಮೇಲೆ ಕುಳಿತರೆ ಆ ಗೆರೆ ಅವರ ಸೊಂಟದ ಆಸುಪಾಸಿಗೆ ಇಳಿಯುತ್ತದೆ. ಕೆರೆ ಏರಿಯ ಮೇಲೆ ನಿಂತರೆ ಕೆಳಗಿನ ಗದ್ದೆಯವರೆಲ್ಲ ದಿಗಂತದಿಂದ ಕೆಳಗುಳಿಯುತ್ತಾರೆ.

ಬಗ್ಗಿ ನಾಟಿ ಮಾಡುವ ಹೆಂಗಸನ್ನು ಬರೆಯುವಾಗ ಮುಖ, ಬೆರಳು ಬಿಡಿ. ಬೆನ್ನಿನ ಬಾಗು, ಊರಿದ ಕಾಲು, ಕೆಳಗಿಳಿದ ಕೈ ಈ ಮೂರು ಸರಿಬಂದರೆ ಅವಳ ಕೆಲಸ ಗೊತ್ತಾಗುತ್ತದೆ. ಬಿಸಿಲು ಬಿದ್ದ ಬೆನ್ನಿಗೆ ಒಂದು ತಿಳಿ ಗೀರು ಸಾಕು. ನೆರಳಿನ ಬದಿಯಲ್ಲಿ ಸೀರೆಗೆ ಗದ್ದೆಯ ಹಸಿರನ್ನೇ ಸ್ವಲ್ಪ ತಾಗಿಸಿ, ಏಕೆಂದರೆ ಸುತ್ತಲಿನ ಪೈರಿನ ಬೆಳಕು ಬಟ್ಟೆಗೂ ಬೀಳುತ್ತದೆ. ಕಾಲ ಬುಡದ ನೆರಳನ್ನು ಮರೆಯಬೇಡಿ. ಆಕೃತಿಯನ್ನು ನೆಲಕ್ಕೆ ಊರಿಸುವುದು ಅದೇ.

ಜೋಪಾನ

ಪುಡಿಯನ್ನು ಬಾಯಿಂದ ಊದಬೇಡಿ, ಅದು ಶ್ವಾಸಕೋಶ ಸೇರುತ್ತದೆ. ಬೋರ್ಡನ್ನು ನೆಟ್ಟಗೆ ಹಿಡಿದು ಹಿಂದಿನಿಂದ ತಟ್ಟಿ. ಪುಡಿ ಉದುರದಂತೆ ಸಿಂಪಡಿಸುವ ಫಿಕ್ಸೆಟಿವ್ ಹೆಚ್ಚಾದರೆ ತಿಳಿ ಬಣ್ಣ ಕಪ್ಪಿಡುತ್ತದೆ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಇರಲಿ.

ಅಭ್ಯಾಸ

ಅಂಗೈಯಗಲದ ಕಾಗದದಲ್ಲಿ ದಿಗಂತದ ಗೆರೆ ಎಳೆದು, ಹತ್ತಿರ, ನಡುವೆ, ದೂರ ಹೀಗೆ ನಿಂತ ಮೂವರನ್ನು ಬರೀ ಕಪ್ಪಿನಲ್ಲಿ ಬರೆಯಿರಿ. ಅವರು ಒಂದೇ ಹೊಲದಲ್ಲಿ ನಿಂತಂತೆ ಕಂಡ ಮೇಲೆ ಬಣ್ಣದ ಕಡ್ಡಿ ಕೈಗೆತ್ತಿಕೊಳ್ಳಿ.