ತಂತ್ರಾಂಶ ವೃತ್ತಿಯೂ ಹೊಸ ಉದ್ಯಮದ ಸಾಹಸವೂ

ನೆಲೆಯಾದ ಕೆಲಸವನ್ನು ಬಿಟ್ಟು, ನಿನ್ನೆಮೊನ್ನೆ ಹುಟ್ಟಿದ ಸಣ್ಣ ಕಂಪನಿಯೊಂದನ್ನು ಸೇರುತ್ತೇನೆಂದು ಮಗನೋ ಮಗಳೋ ಹೇಳಿದಾಗ ಮನೆಯ ಹಿರಿಯರು ಕಳವಳಗೊಳ್ಳುವುದು ಸಹಜ. ಮನೆಯ ಸಾಲದ ಕಂತು, ತಂಗಿಯ ಮದುವೆ, ವೃದ್ಧರ ಔಷಧೋಪಚಾರ ಇವೆಲ್ಲ ತಿಂಗಳ ಸಂಬಳವನ್ನೇ ನೆಚ್ಚಿಕೊಂಡಿರುತ್ತವೆ. ತಂತ್ರಾಂಶ ರಚನೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಾವು ಈ ಕಳವಳವನ್ನು ಹಗುರವಾಗಿ ಕಾಣಲಾರೆವು. ಆದರೆ ಅದಕ್ಕೆ ಉತ್ತರವಾಗಿ ಯುವಕರು ಕೊಡುವ ಇನ್‌ಫೋಸಿಸ್‌ನ ಉದಾಹರಣೆಯನ್ನು ಅರ್ಧಕ್ಕೇ ನಿಲ್ಲಿಸುವುದು ಮಾತ್ರ ನಮಗೆ ಸರಿಕಾಣದು.

1981ರಲ್ಲಿ ಎನ್. ಆರ್. ನಾರಾಯಣಮೂರ್ತಿ ಮತ್ತು ಆರು ಮಂದಿ ಸಂಗಡಿಗರು ಪುಣೆಯಲ್ಲಿ ಆ ಸಂಸ್ಥೆಯನ್ನು ಆರಂಭಿಸಿದಾಗ ಮೂಲಧನವಾಗಿ ಒದಗಿದುದು ಸುಧಾ ಮೂರ್ತಿಯವರ ಉಳಿತಾಯದ 10,000 ರೂಪಾಯಿ. 1983ರಲ್ಲಿ ಅದು ಬೆಂಗಳೂರಿಗೆ ಬಂದಿತು. ಗಣಕಯಂತ್ರವೊಂದನ್ನು ತರಿಸಿಕೊಳ್ಳಲು ದೆಹಲಿಗೆ ಅಲೆದು ಪರವಾನಗಿ ಪಡೆಯಬೇಕಾಗಿದ್ದ ಕಾಲವದು. 1989ರಲ್ಲಿ ಸ್ಥಾಪಕರಲ್ಲೊಬ್ಬರು ಹೊರನಡೆದರು. 1990ರಲ್ಲಿ ಸಂಸ್ಥೆಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂದಾಗ ಉಳಿದವರ ಒಲವು ಮಾರಾಟದ ಕಡೆಗೇ ಇತ್ತು. ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆಂದು ಮೂರ್ತಿಯವರು ಹೇಳಿದರು, ಕೈಯಲ್ಲಿ ಹಣವಿರಲಿಲ್ಲ! ಆ ಮಾತಿನ ಬಲದಿಂದಲೇ ಎಲ್ಲರೂ ನಿಂತರು. 1993ರ ಷೇರು ವಿತರಣೆಗೂ ಸಾರ್ವಜನಿಕರು ಮುಗಿಬೀಳಲಿಲ್ಲ. ನಾಸ್ಡಾಕ್ ಪೇಟೆಯ ಬಾಗಿಲು ತೆರೆದುದು 1999ರಲ್ಲಿ. ಹದಿನೆಂಟು ವರ್ಷಗಳ ಈ ದಾರಿಯನ್ನು ಮನಗಾಣದೆ ಕೊನೆಯ ಫಲವನ್ನಷ್ಟೇ ತೋರಿಸುವುದು ಸಲ್ಲದು. ಮುಚ್ಚಿಹೋದ ಕಂಪನಿಗಳ ಚರಿತ್ರೆಯನ್ನಂತೂ ಯಾರೂ ಬರೆಯುವುದಿಲ್ಲ.

ಇನ್ನು ಷೇರಿನ ಆಮಿಷ. ಸಂಬಳ ಕಡಿಮೆಯಾದರೇನು, ಷೇರು ಕೊಡುತ್ತಾರಲ್ಲ ಎಂದು ಅನೇಕ ಮನೆಗಳಲ್ಲಿ ಆಗಲೇ ಆಸ್ತಿಯ ಲೆಕ್ಕ ಹಾಕುವುದನ್ನು ಕಂಡಿದ್ದೇವೆ. ನೌಕರನಿಗೆ ಮೊದಲು ದೊರೆಯುವುದು ಷೇರಲ್ಲ. ಗೊತ್ತುಪಡಿಸಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು. ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುತ್ತದೆ. ವರ್ಷ ತುಂಬುವ ಮೊದಲೇ ಬಿಟ್ಟವನಿಗೆ ಏನೂ ಇಲ್ಲ. ಕೊಂಡಾಗ, ಕೊಟ್ಟ ಬೆಲೆಗೂ ಅಂದಿನ ಮೌಲ್ಯಕ್ಕೂ ಇರುವ ಅಂತರವು ಸಂಬಳವೆಂದೇ ತೆರಿಗೆಗೆ ಒಳಪಡುತ್ತದೆ. ಕಂಪನಿಯು ಷೇರುಪೇಟೆಗೆ ಬಾರದಿದ್ದರೆ ಮಾರಿ ಹಣ ಮಾಡಿಕೊಳ್ಳುವುದೂ ಕಷ್ಟ. ಆದುದರಿಂದ ಹಿರಿಯರು ಕೇಳಬೇಕಾದ ಪ್ರಶ್ನೆ ಬೇರೆ: ಇರುವ ಹಣದಲ್ಲಿ ಆ ಕಂಪನಿ ಎಷ್ಟು ತಿಂಗಳು ಸಂಬಳ ಕೊಡಬಲ್ಲುದು? ನಮ್ಮ ಹುಡುಗ ಅಲ್ಲಿ ಯಾರ ಕೈಕೆಳಗೆ ಕಲಿಯುವನು?

ಕಲಿಕೆಯ ಮಾತು ಬಂದುದರಿಂದ ವೃತ್ತಿಬಾಂಧವರ ಕೂಟಗಳನ್ನೂ ನೆನೆಯಬೇಕು. ರಜೆಯ ದಿನವೂ ಮನೆಯಲ್ಲಿರದೆ ಅಂಥ ಸಭೆಗಳಿಗೆ ಹೋಗುವ ಮಕ್ಕಳನ್ನು ಕಂಡು ಹಿರಿಯರು ಬೇಸರಿಸುವುದುಂಟು. 1975ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ, ಒಂದು ಮನೆಯ ಕಾರಿನ ಗ್ಯಾರೇಜಿನಲ್ಲಿ ಗಣಕಪ್ರಿಯರ ಇಂಥದೇ ಒಂದು ಸಭೆ ಸೇರಿತ್ತು. ಹೋಮ್‌ಬ್ರೂ ಕ್ಲಬ್ಬೆಂಬ ಆ ಕೂಟದಲ್ಲಿದ್ದ ಸ್ಟೀವ್ ವೋಜ್ನಿಯಾಕ್ ಹಗಲಿಗೆ ಹೆವ್ಲೆಟ್ ಪ್ಯಾಕರ್ಡ್ ಕಂಪನಿಯ ಎಂಜಿನಿಯರ್. ಬಿಡುವಿನಲ್ಲಿ ತಾವು ರಚಿಸಿದ ಗಣಕದ ನಕ್ಷೆಯನ್ನು ಅವರು ಸದಸ್ಯರಿಗೆ ಉಚಿತವಾಗಿ ಹಂಚಿದರು. ತಮ್ಮ ಕಂಪನಿಗೂ ಅದನ್ನು ತೋರಿಸಿದರು, ಅದು ಬೇಡವೆಂದಿತು. 1976ರಲ್ಲಿ ಆಪಲ್ ಹುಟ್ಟಿತು. ಆಗಲೂ ವೋಜ್ನಿಯಾಕ್ ನೌಕರಿಯನ್ನು ಬಿಡಲಿಲ್ಲ. ಬಂಡವಾಳ ತೊಡಗಿಸಲು ಬಂದ ಮೈಕ್ ಮಾರ್ಕುಲಾ ಪೂರ್ಣಾವಧಿ ದುಡಿಯಬೇಕೆಂದು ಷರತ್ತು ಹಾಕಿದಾಗ ಮೊದಲು ಒಲ್ಲೆನೆಂದರು. ಗೆಳೆಯರೂ ಬಂಧುಗಳೂ ಒತ್ತಾಯಿಸಿದ ಮೇಲೆಯೇ ಅವರು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟರು.