ಗುಂಡಿಗೆ ಇಳಿಯೋ ಮುಂಚೆ: ಮೂಗನ್ನು ನಂಬಬೇಡಿ

2025ರ ಜುಲೈ 12ರಂದು ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರದ ಟ್ಯಾಂಕ್ ಪರಿಶೀಲನೆಗೆ ಹೋದ ಇಬ್ಬರು ನೌಕರರು ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಬಲಿಯಾದರು. ಅದಕ್ಕೂ ಮುಂಚೆ, 2022ರ ಏಪ್ರಿಲ್‌ನಲ್ಲಿ, ಮಂಗಳೂರಿನದೇ ಒಂದು ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬರು ಕುಸಿದರು. ಅವರನ್ನು ಎತ್ತಲು ಹೋದವರೂ ಸೇರಿ ಐವರು ತೀರಿಕೊಂಡರು.

ಇದು ಘಟ್ಟದ ಕೆಳಗಿನ ಸುದ್ದಿ, ನಮಗ್ಯಾಕೆ ಅನ್ನಬೇಡಿ. ಮೂಡಿಗೆರೆ, ಕಳಸದ ಕಡೆ ಪಲ್ಪಿಂಗ್ ನೀರಿನ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ, ಸ್ಲರಿ ಟ್ಯಾಂಕ್ ಎಷ್ಟಿಲ್ಲ? ನಾನು ಸಾವಯವ ಬೆಳೆಗಾರ, ಸ್ಲರಿ ಇಲ್ಲದೆ ನನ್ನ ತೋಟ ನಡೆಯೋದೇ ಇಲ್ಲ. ಗಾಳಿಯಾಡದೆ ಸಿಪ್ಪೆ, ಲೋಳೆ, ಸಗಣಿ ಕೊಳೆತರೆ ಮೀಥೇನ್, ಇಂಗಾಲದ ಡೈಆಕ್ಸೈಡ್ ಜೊತೆಗೆ ಇದೇ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತೆ.

ಇದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ದಾಟಿದರೆ ಮೂಗೇ ಸತ್ತು, ವಾಸನೆ ಗೊತ್ತಾಗೋದು ನಿಲ್ಲುತ್ತೆ. 'ವಾಸನೆ ಹೋಯ್ತು, ಇಳಿ' ಅನ್ನೋ ಮಾತು ಅದಕ್ಕೇ ಅಪಾಯ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿಗೆ ಮನುಷ್ಯ ಕುಸಿದು ಬೀಳ್ತಾನೆ.

ಹಳೇ ಬಾವಿಗೆ ದೀಪ ಇಳಿಸಿ ನೋಡ್ತಿದ್ದ ಪದ್ಧತಿ ಇಲ್ಲಿ ಬೇಡ. ದೀಪ ಉರಿದರೂ ವಿಷಾನಿಲ ಇರಬಹುದು. ಮೀಥೇನ್ ಇದ್ದರೆ ಸ್ಫೋಟವೇ ಆಗಬಹುದು. ಮುಖಕ್ಕೆ ಕಟ್ಟಿದ ಟವೆಲ್ ಅನಿಲ ತಡೆಯಲ್ಲ.

ಪಲ್ಪಿಂಗ್ ಶುರುವಾಗೋ ಮುಂಚೆ ಪ್ರತಿ ಗುಂಡಿಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಳಗೆ ಏನು ಕೊಳೀತಿದೆ, ಎಷ್ಟು ದಿನದಿಂದ? ಗಾಳಿ ಆಡೋಕೆ ದಾರಿ ಇದೆಯಾ? ಇಳಿಯದೆ ಕೆಲಸ ಮುಗಿಸೋಕೆ ಆಗುತ್ತಾ?

ಮೂರನೆಯದಕ್ಕೆ ಉತ್ತರ ಬಹುತೇಕ 'ಆಗುತ್ತೆ'. ಸ್ಲರಿ ಪಂಪ್, ಉದ್ದ ಹಿಡಿಯ ಗೋರು ಸಾಕು. ಕಲಕುವಾಗ ಕರಗಿದ್ದ ಅನಿಲ ಒಮ್ಮೆಲೇ ಹೊರಬರುತ್ತೆ, ಹಾಗಾಗಿ ಗಾಳಿ ಬೀಸೋ ಕಡೆಗೆ ಬೆನ್ನು ಹಾಕಿ, ದೂರ ನಿಂತು ಕಲಕಿ. ಬಗ್ಗಿ ನೋಡಬೇಡಿ, ಬೀಡಿ ಹಚ್ಚಬೇಡಿ. ಗುಂಡಿಗೆ ಗಟ್ಟಿ ಮುಚ್ಚಳ, ಸುತ್ತ ಬೇಲಿ ಇರಲಿ.

ಇಳಿಯಲೇಬೇಕಾದರೆ ಅದು ಕೂಲಿ ಕೆಲಸ ಅಲ್ಲ. ಗ್ಯಾಸ್ ಡಿಟೆಕ್ಟರ್, ಉಸಿರಾಟದ ಉಪಕರಣ, ಸೊಂಟಪಟ್ಟಿ-ಹಗ್ಗ, ಮೇಲೆ ಕಾಯುವ ಜನ ಇರುವ ತರಬೇತಾದ ತಂಡದ ಕೆಲಸ.

ಯಾರಾದರೂ ಒಳಗೆ ಬಿದ್ದರೆ? ಹಿಂದೆ ಹಾರಬೇಡಿ. ಹಗ್ಗ ಕಟ್ಟಿದ್ದರೆ ಮೇಲಿಂದಲೇ ಎಳೀರಿ. 112ಕ್ಕೆ ಕರೆ ಮಾಡಿ, ಗುಂಡಿಯಲ್ಲಿ ವಿಷಾನಿಲ ಇದೆ ಅಂತ ಮೊದಲೇ ಹೇಳಿ. ಕಾಫಿ ಸೀಮೆಯಲ್ಲಿ ಸಹಾಯ ಬರೋಕೆ ಹೊತ್ತು ಹಿಡಿಯುತ್ತೆ, ಸಿಗ್ನಲ್ ಸಿಗೋ ಜಾಗವೂ ದೂರ. ಅದಕ್ಕೇ ಈ ಮಾತನ್ನು ತೋಟದ ಕೆಲಸದವರಿಗೆ, ಅವರ ಭಾಷೆಯಲ್ಲೇ, ಗುಂಡಿಯ ಪಕ್ಕ ನಿಂತು ಈ ವಾರವೇ ಹೇಳಿ.