ಅಥ್ಲೆಟಿಕ್ ಟ್ರೈನಿಂಗ್: ತಯಾರಿ ಪದವಿಯ ಮೊದಲ ವರ್ಷದಿಂದಲೇ

ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೈನರ್ ಆಗಬೇಕೆನ್ನುವವರಿಗೆ ಈಗ ನಾಲ್ಕು ವರ್ಷದ ಪದವಿಯೊಂದೇ ಸಾಲದು. ಈ ಓದಿಗೆ ಸ್ನಾತಕೋತ್ತರ ಮಟ್ಟವೇ ಸರಿ ಎಂದು ವೃತ್ತಿಯ ಸಂಸ್ಥೆಗಳು 2015ರಲ್ಲಿ ತೀರ್ಮಾನಿಸಿದವು. 2022ರ ನಂತರ ಪದವಿ ಹಂತದ ಕೋರ್ಸುಗಳಿಗೆ ಹೊಸಬರ ಪ್ರವೇಶ ನಿಂತಿತು. ಮಾನ್ಯತೆ ಕೊಡುವ ಸಂಸ್ಥೆ ಸಿಎಎಟಿಇ. ಅದರ ಮಾನ್ಯತೆಯುಳ್ಳ, ಸಾಮಾನ್ಯವಾಗಿ ಎರಡು ವರ್ಷದ ಸ್ನಾತಕೋತ್ತರ ಮುಗಿಸಿದವರು ಬಿಓಸಿ ಎಂಬ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ ಬರೆಯುತ್ತಾರೆ. ಆಮೇಲೆ ಬಹುತೇಕ ಎಲ್ಲ ರಾಜ್ಯಗಳಲ್ಲೂ ಆಯಾ ರಾಜ್ಯದ ಪರವಾನಗಿ ಪಡೆಯಬೇಕು.

ಜಿಮ್ಮಿನಲ್ಲಿ ವ್ಯಾಯಾಮ ಹೇಳಿಕೊಡುವವರ ಕೆಲಸ ಇದಲ್ಲ. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಬಫಲೋ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್ ಹೃದಯ ಸ್ತಂಭನವಾಗಿ ಕುಸಿದರು. ಮೈದಾನದಲ್ಲೇ ಅವರ ಎದೆ ಒತ್ತಿ ಸಿಪಿಆರ್ ಕೊಟ್ಟವರು ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನ್ನಿ ಕೆಲ್ಲಿಂಗ್‌ಟನ್. ಹ್ಯಾಮ್ಲಿನ್ ಬದುಕಿದರು, ಮತ್ತೆ ಆಡಿದರು. ಗಾಯವಾಗದಂತೆ ನೋಡಿಕೊಳ್ಳುವುದು, ಆದಾಗ ಪರೀಕ್ಷಿಸುವುದು, ತುರ್ತು ಆರೈಕೆ, ಆಟಕ್ಕೆ ಮರಳುವವರೆಗಿನ ಚಿಕಿತ್ಸೆ ಇವೆಲ್ಲ ವೈದ್ಯರ ಮಾರ್ಗದರ್ಶನದಲ್ಲಿ ಇವರ ಹೊಣೆ.

ಪದವಿಯಲ್ಲಿ ದೇಹದ ಚಲನೆಯ ಶಾಸ್ತ್ರವಾದ ಕಿನಿಸಿಯಾಲಜಿಯನ್ನೇ ಓದಬೇಕೆಂದಿಲ್ಲ, ಜೀವಶಾಸ್ತ್ರ ಓದಿದವರೂ ಸೇರಬಹುದು. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಃಶಾಸ್ತ್ರ, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಈ ಆರನ್ನೂ ಕಾಲೇಜಿನಲ್ಲಿ ಓದಿರಲೇಬೇಕು. ಇದರ ಮೇಲೆ ಸಂಖ್ಯಾಶಾಸ್ತ್ರ, ಪೌಷ್ಟಿಕತೆ, ಬಯೋಮೆಕ್ಯಾನಿಕ್ಸ್ ಕೇಳುವ ವಿಶ್ವವಿದ್ಯಾಲಯಗಳೂ ಇವೆ. ಹಲವರು ಎಡವುವುದು ಭೌತಶಾಸ್ತ್ರದಲ್ಲಿ. ಕಷ್ಟವೆಂದು ಮುಂದೂಡುತ್ತಾ ಹೋಗಿ, ಕೊನೆಯ ವರ್ಷ ಅರ್ಜಿ ತುಂಬುವಾಗ ಅದು ಬಾಕಿ ಉಳಿದಿರುತ್ತದೆ. ಅನೇಕ ಕೋರ್ಸುಗಳು ಪದವಿ ಮುಗಿದ ಬೇಸಿಗೆಯಲ್ಲೇ ಶುರುವಾಗುವುದರಿಂದ ಆಮೇಲೆ ಓದಿಕೊಳ್ಳಲು ಬಿಡುವೇ ಇರುವುದಿಲ್ಲ. ಹಾಗಾಗಿ ಮನಸ್ಸಿಗೆ ಹಿಡಿಸಿದ ಮೂರ್ನಾಲ್ಕು ವಿಶ್ವವಿದ್ಯಾಲಯಗಳು ಕೇಳುವ ವಿಷಯಗಳ ಪಟ್ಟಿಯನ್ನು ಮೊದಲ ವರ್ಷವೇ ಮುಂದಿಟ್ಟುಕೊಂಡು, ಯಾವ ಸೆಮಿಸ್ಟರಿಗೆ ಯಾವ ವಿಷಯ ಎಂದು ಹಿಂದಿನಿಂದ ಲೆಕ್ಕ ಹಾಕುತ್ತಾ ಬನ್ನಿ. ಮೂರು ವರ್ಷ ಪದವಿ, ಎರಡು ವರ್ಷ ಸ್ನಾತಕೋತ್ತರ ಎಂದು ಜೋಡಿಸಿದ ಕೋರ್ಸುಗಳೂ ಇವೆ. ಅಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಶರೀರಕ್ರಿಯಾಶಾಸ್ತ್ರವನ್ನಂತೂ ಅಂಕಕ್ಕಾಗಿ ಮಾತ್ರ ಓದಬೇಡಿ. ಆಗಸ್ಟಿನ ಸೆಕೆಯಲ್ಲಿ ಅಭ್ಯಾಸ ಮಾಡುತ್ತಿರುವ ಹುಡುಗ ತಡಬಡಾಯಿಸುತ್ತಾ ಏನೇನೋ ಮಾತಾಡತೊಡಗುತ್ತಾನೆ ಎಂದುಕೊಳ್ಳಿ. ದುಡಿಯುವ ಸ್ನಾಯುಗಳ ಶಾಖವನ್ನು ಬೆವರು ಹೊರಹಾಕಲಾಗದೆ ದೇಹದೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಹಣೆ ಮುಟ್ಟಿ ನೋಡಿದರೆ ಅದು ತಿಳಿಯುವುದಿಲ್ಲ, ಗುದದ ಥರ್ಮಾಮೀಟರೇ ಬೇಕು. ಆಂಬುಲೆನ್ಸಿಗೆ ಕರೆ ಹೋಗುತ್ತದೆ, ಆದರೆ ಅದು ಬರಲೆಂದು ಯಾರೂ ಕಾಯುತ್ತಾ ಕೂರುವುದಿಲ್ಲ. ಹುಡುಗನನ್ನು ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೊದಲು ತಣಿಸಿ, ಆಮೇಲೆ ಸಾಗಿಸುವುದು ಈ ವೃತ್ತಿಯ ನಿಯಮ. ಅರ್ಧ ಗಂಟೆಯೊಳಗೆ ತಣಿದರೆ ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು. ಆ ಹೊತ್ತಿಗೆ ತೊಟ್ಟಿ ತುಂಬಿ ಸಿದ್ಧವಿರಬೇಕಾದರೆ, ಬೆಳಿಗ್ಗೆಯೇ ಹವಾಮಾನ ನೋಡಿ ಅದನ್ನು ತುಂಬಿಸಿಟ್ಟವರೊಬ್ಬರು ಇರಬೇಕು.

ಇಂಥದ್ದನ್ನು ಕಣ್ಣಾರೆ ಕಾಣಲೆಂದೇ ವೀಕ್ಷಣಾ ಗಂಟೆಗಳನ್ನು ಕೇಳುತ್ತಾರೆ. ಪ್ರಮಾಣೀಕೃತ ಅಥ್ಲೆಟಿಕ್ ಟ್ರೈನರ್ ಜೊತೆಗಿದ್ದು ಅವರ ಕೆಲಸ ನೋಡಬೇಕು. ಐವತ್ತು ಗಂಟೆ ಸಾಕೆನ್ನುವವರಿದ್ದಾರೆ, ನೂರು ಕೇಳುವವರೂ ಇದ್ದಾರೆ. ನಿಮ್ಮ ಕಾಲೇಜಿನ ಕ್ರೀಡಾ ವಿಭಾಗದಲ್ಲೇ ಕೇಳಿ ನೋಡಿ, ಹತ್ತಿರದ ಹೈಸ್ಕೂಲಿಗೂ ಹೋಗಿ. ಕಾಲೇಜಿನಲ್ಲಿ ಹಲವರು ಹಂಚಿಕೊಳ್ಳುವ ಕೆಲಸವನ್ನು ಹೈಸ್ಕೂಲಿನಲ್ಲಿ ಎಷ್ಟೋ ಕಡೆ ಒಬ್ಬರೇ ನಿಭಾಯಿಸುತ್ತಾರೆ. ಚಿಕಿತ್ಸೆಗೆ ನೀವು ಕೈ ಹಾಕುವಂತಿಲ್ಲ. ಪಾದದ ಕೀಲಿಗೆ ಟೇಪ್ ಸುತ್ತುವ ಕೈಯನ್ನು, ಗಾಯಾಳುವಿಗೆ ಕೇಳುವ ಮೊದಲ ಪ್ರಶ್ನೆಯನ್ನು, ಆಡಲೇಬೇಕೆಂದು ಹಟ ಹಿಡಿದವನಿಗೆ ಬೇಡವೆನ್ನುವ ರೀತಿಯನ್ನು ಗಮನಿಸಿ, ರೋಗಿಯ ಗುರುತು ಬಿಟ್ಟು, ಅಂದಂದೇ ಬರೆದಿಡಿ. ಅರ್ಜಿಯ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಶಿಫಾರಸು ಪತ್ರ ಬರೆಯಬಲ್ಲವರೂ ಅಲ್ಲೇ ಸಿಗುತ್ತಾರೆ. ಸಂಜೆಗಳು, ಶನಿವಾರಗಳು ಈ ಕೆಲಸಕ್ಕೇ ಹೋಗುತ್ತವೆ. ಅದು ನಿಮಗೆ ಒಗ್ಗುತ್ತದೆಯೇ ಎಂಬುದಕ್ಕೂ ಉತ್ತರ ಸಿಗುತ್ತದೆ. ನನ್ನ ಮಟ್ಟಿಗೆ ಅಂಕಪಟ್ಟಿಗಿಂತ ಇದೇ ದೊಡ್ಡ ತಯಾರಿ.

ಅರ್ಜಿಗಳು ಬಹುಪಾಲು ಎಟಿಕ್ಯಾಸ್ ಎಂಬ ಒಂದೇ ಜಾಲತಾಣದ ಮೂಲಕ ಹೋಗುತ್ತವೆ. ಸಿಪಿಆರ್ ಪ್ರಮಾಣಪತ್ರ, ಲಸಿಕೆ ದಾಖಲೆ, ಹಿನ್ನೆಲೆ ಪರಿಶೀಲನೆ ಮುಂತಾದವನ್ನೂ ಕೇಳುತ್ತಾರೆ.

ಕರ್ನಾಟಕದಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮಾಡಿ ಈ ಓದಿಗೆ ಅಮೆರಿಕಕ್ಕೆ ಹೋಗಬಯಸುವವರಿಗೆ ಎರಡು ತೊಡಕುಗಳಿವೆ. ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರ, ರಸಾಯನಶಾಸ್ತ್ರವನ್ನು ಕಾಲೇಜು ಮಟ್ಟದ್ದೆಂದು ಒಪ್ಪದೇ ಇರಬಹುದು. ಇನ್ನು ಭಾರತದ ತಂಡಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಕ್ರೀಡಾ ಫಿಸಿಯೋಗಳದ್ದು. ಅವರ ಜೊತೆ ಕಳೆದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂಬುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಅರ್ಜಿ ಶುಲ್ಕ ಕಟ್ಟುವ ಮೊದಲೇ ಪಠ್ಯಕ್ರಮದ ಪ್ರತಿ ಲಗತ್ತಿಸಿ ಕೋರ್ಸಿನ ನಿರ್ದೇಶಕರಿಗೆ ಇಮೇಲ್ ಬರೆಯಿರಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.